ಮನೆತನದ ಚರಿತ್ರೆ ಹುಡುಕುವುದನ್ನು ದಾವಣಗೆರೆ–ಚಿತ್ರದುರ್ಗದ ಕಡೆ ಯಾರಿಂದ ಕಲಿಯಬಹುದು?

ಪ್ರಶ್ನೆ: ಶಿಕ್ಷಕಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು ತೀರಿಕೊಂಡು ವರ್ಷವಾಯಿತು. ಜಗಳೂರು ತಾಲ್ಲೂಕಿನ ನಮ್ಮ ಹಳ್ಳಿಯ ಮನೆಯನ್ನು ಮೊನ್ನೆ ಸ್ವಚ್ಛ ಮಾಡುವಾಗ ಅಟ್ಟದ ಮೇಲಿದ್ದ ಟ್ರಂಕಿನಲ್ಲಿ ಆಸ್ತಿ ಹಂಚಿಕೊಂಡಾಗ ಬರೆದ ಒಂದು ಪಾಲುಪಟ್ಟಿ, ಕಂದಾಯ ರಸೀದಿಗಳ ಒಂದು ಕಟ್ಟು ಮತ್ತು ಒಂದು ಮದುವೆಯ ಮುಯ್ಯಿ ಪುಸ್ತಕ (ಯಾರು ಏನು ಉಡುಗೊರೆ ಕೊಟ್ಟರೆಂದು ಬರೆದಿಟ್ಟದ್ದು) ಸಿಕ್ಕವು. ಪಾಲುಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ಇಟ್ಟಿದ್ದರಿಂದ ಮಡಿಕೆಯ ಗೆರೆಗಳಲ್ಲಿ ಕಾಗದ ಹರಿದಿದೆ. ಬರಹವು ಮೋಡಿ ಅಕ್ಷರದಲ್ಲಿ, ಒಂದಕ್ಕೊಂದು ಕೂಡಿಸಿ ಬರೆದದ್ದಾಗಿರುವುದರಿಂದ ನನಗೆ ಓದಲು ಬಂದದ್ದು ಮೊದಲ ಸಾಲಿನ 'ಧಾತು ಸಂವತ್ಸರದ ಮಾರ್ಗಶಿರ' ಎಂಬಷ್ಟು ಮತ್ತು ಅಲ್ಲಲ್ಲಿ ಕಾಣುವ ಕೊಟ್ರಪ್ಪ, ಕೆಂಚಪ್ಪ ಎಂಬ ಹೆಸರುಗಳು ಮಾತ್ರ. ನಮ್ಮ ಮನೆತನದಲ್ಲಿ ತಲೆಮಾರು ಬಿಟ್ಟು ತಲೆಮಾರು ಇವೇ ಎರಡು ಹೆಸರುಗಳು ಬರುತ್ತವೆ.

ನಮ್ಮ ಚಿಕ್ಕಪ್ಪನವರು ಹೇಳುವ ಪ್ರಕಾರ ಧಾತು ಎಂದರೆ ದೊಡ್ಡ ಬರದ ವರ್ಷ, ಅಂದರೆ 1876. ನಮ್ಮ ಹಿರಿಯರು ಆ ಬರದಲ್ಲಿ ಉಚ್ಚಂಗಿದುರ್ಗವನ್ನು ಬಿಟ್ಟು ಇಲ್ಲಿಗೆ ಬಂದವರು ಎಂದು ಮನೆಯಲ್ಲಿ ಮೊದಲಿನಿಂದಲೂ ಹೇಳುತ್ತಾ ಬಂದಿದ್ದಾರೆ. ಪೌತಿ ಖಾತೆಗಾಗಿ ನಾಡಕಚೇರಿಯಲ್ಲಿ ಪಡೆದ ವಂಶವೃಕ್ಷ ನಮ್ಮಲ್ಲಿದೆ, ಆದರೆ ಅದು ಅಜ್ಜನಿಂದ ಕೆಳಗೆ ಇಳಿಯುತ್ತದೆಯೇ ಹೊರತು ಮೇಲಕ್ಕೆ ಹೋಗುವುದಿಲ್ಲ. ನನಗೆ ಬೇಕಾಗಿರುವುದು ಅಜ್ಜನಿಂದ ಮೇಲಿನದು.

ಅಂತರ್ಜಾಲದಲ್ಲಿ ಸಿಗುವ ವಿದೇಶದ ಪಾಠಗಳನ್ನು ಕೇಳಿದೆ. ಅವರು ಮೊದಲು ಜನಗಣತಿಯ ಹಾಳೆಗಳನ್ನು, ಆಮೇಲೆ ಚರ್ಚಿನ ದಾಖಲೆಗಳನ್ನು ನೋಡಿ ಎನ್ನುತ್ತಾರೆ. ನಮ್ಮ ಸೀಮೆಯಲ್ಲಿ ಈ ಕೆಲಸವನ್ನು ಕ್ರಮವಾಗಿ ಹೇಳಿಕೊಡುವ ತರಗತಿಯೋ ಬಳಗವೋ ಇದೆಯೇ? ಇಲ್ಲವಾದರೆ ಯಾವುದರಿಂದ ಆರಂಭಿಸಬೇಕು ಎಂದು ತಿಳಿದವರು ಹೇಳಬೇಕಾಗಿ ವಿನಂತಿ.

ಉತ್ತರ: ನಿವೃತ್ತ ಗ್ರಾಮ ಲೆಕ್ಕಿಗ, ಹರಿಹರ

ಮೇಡಂ, ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪಹಣಿ ಬರೆದವನು. ತರಗತಿಯ ಬಗ್ಗೆ ಬೇರೆಯವರು ಹೇಳಲಿ, ನಾನು ಕಾಗದದ ದಾರಿಯನ್ನು ಹೇಳುತ್ತೇನೆ.

ವಿದೇಶದ ಪಾಠದಲ್ಲಿ 'ನಿಮ್ಮಿಂದ ಆರಂಭಿಸಿ ಒಂದೊಂದೇ ತಲೆಮಾರು ಹಿಂದಕ್ಕೆ ಹೋಗಿ' ಎನ್ನುವ ಮಾತು ಸರಿಯಾದದ್ದು, ಅದನ್ನು ಇಟ್ಟುಕೊಳ್ಳಿ. ಜನಗಣತಿಯನ್ನು ಮಾತ್ರ ಬಿಟ್ಟುಬಿಡಿ. ಅಮೆರಿಕದಲ್ಲಿ 72 ವರ್ಷ ಕಳೆದ ಮೇಲೆ ಮನೆಮನೆಯ ಹಾಳೆಗಳನ್ನೇ ತೆರೆದಿಡುತ್ತಾರೆ, 1950ರ ಗಣತಿ ಅಲ್ಲಿ 2022ರಲ್ಲಿ ಹೊರಬಂದಿತು. ನಮ್ಮಲ್ಲಿ 1948ರ ಜನಗಣತಿ ಕಾಯ್ದೆಯ ಪ್ರಕಾರ ಒಬ್ಬೊಬ್ಬರ ವಿವರ ಗೋಪ್ಯವಾದದ್ದು, ಹೊರಗೆ ಸಿಗುವುದು ಒಟ್ಟು ಅಂಕಿಗಳು ಮಾತ್ರ. ಅಲ್ಲಿ ಗಣತಿ ಮಾಡುವ ಕೆಲಸವನ್ನು ನಮ್ಮಲ್ಲಿ ಜಮೀನಿನ ದಾಖಲೆ ಮಾಡುತ್ತದೆ. ಗುಂಟೆ ನೆಲವಿದ್ದ ಮನೆಯ ಹೆಸರೂ ಎಲ್ಲಾದರೂ ಒಂದು ವಹಿಯಲ್ಲಿ ಕುಳಿತಿರುತ್ತದೆ.

ಮೊದಲು ನಿಮ್ಮ ಜಮೀನಿನ ಸರ್ವೆ ನಂಬರನ್ನು ಹಿಡಿಯಿರಿ, ಹೆಸರನ್ನು ಹಿಡಿಯಬೇಡಿ. ಕೊಟ್ರಪ್ಪ ಎಂಬ ಹೆಸರಿನವರು ಒಂದೇ ಊರಿನಲ್ಲಿ ಒಂದೇ ಕಾಲಕ್ಕೆ ನಾಲ್ಕು ಜನ ಇರಬಹುದು, ಆದರೆ ಒಂದು ಸರ್ವೆ ನಂಬರು ಆ ಊರಿನಲ್ಲಿ ಒಂದೇ ಹೊಲಕ್ಕೆ ಇರುತ್ತದೆ. ಮೈಸೂರು ಸಂಸ್ಥಾನದಲ್ಲಿ 1860ರ ದಶಕದಿಂದ ಅಳತೆ ನಡೆದು ಹೊಲಗಳಿಗೆ ನಂಬರು ಬಿದ್ದಿತು, ಅವೇ ನಂಬರುಗಳು ಹಿಸ್ಸೆಗಳಾಗಿ (ಪಾಲುಗಳಾಗಿ) ಒಡೆದುಕೊಂಡು ಇಂದಿನವರೆಗೂ ಬಂದಿವೆ. ಈಗಿನ ಪಹಣಿಯ 9ನೇ ಅಂಕಣದಲ್ಲಿ ಖಾತೆದಾರರ ಹೆಸರಿರುತ್ತದೆ, 10ನೇ ಅಂಕಣದಲ್ಲಿ ಆ ಹಕ್ಕು ಹೇಗೆ ಬಂತು ಎಂಬುದು ಮ್ಯುಟೇಷನ್ (ಖಾತೆ ಬದಲಾವಣೆ) ಸಂಖ್ಯೆಯೊಡನೆ ಇರುತ್ತದೆ. ಸಾಮಾನ್ಯವಾಗಿ ಜನ 9ನೇ ಅಂಕಣವನ್ನು ನೋಡಿ ಪಹಣಿ ಮಡಿಸಿಟ್ಟುಬಿಡುತ್ತಾರೆ. ನಿಮಗೆ ಬೇಕಾದ ಬಾಗಿಲು 10ನೆಯದು. ಆ ಸಂಖ್ಯೆಯನ್ನು ಬರೆದುಕೊಂಡು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ನಕಲಿಗಾಗಿ ಅರ್ಜಿ ಕೊಟ್ಟರೆ ಮ್ಯುಟೇಷನ್ ವಹಿಯ ಪುಟ ಸಿಗುತ್ತದೆ. ಅದರಲ್ಲಿ 'ಪೌತಿ ವಾರಸಾ' ಎಂದಿದ್ದರೆ ಖಾತೆದಾರ ತೀರಿಕೊಂಡು ವಾರಸುದಾರರ ಹೆಸರಿಗೆ ಬಂದದ್ದು, 'ವಿಭಾಗ' ಎಂದಿದ್ದರೆ ಅಣ್ಣತಮ್ಮಂದಿರು ಪಾಲಾದದ್ದು, 'ಕ್ರಯ' ಎಂದಿದ್ದರೆ ಕೊಂಡದ್ದು. ಪೌತಿ ಮತ್ತು ವಿಭಾಗದ ಪುಟಗಳೇ ನಿಮಗೆ ಬಂಗಾರ. ಆ ಪುಟದಿಂದ ಅದರ ಹಿಂದಿನ ಪುಟಕ್ಕೆ, ಅಲ್ಲಿಂದ ಹಕ್ಕು ದಾಖಲೆ, ಇಂಡೆಕ್ಸ್ ಆಫ್ ಲ್ಯಾಂಡ್ಸ್, ಹಿಸ್ಸಾ ಟಿಪ್ಪಣಿ ಎಂಬ ಹಳೆಯ ಜಮೀನು ದಾಖಲೆಗಳಿಗೆ ಮೆಟ್ಟಿಲು ಮೆಟ್ಟಿಲಾಗಿ ಹೋಗಬಹುದು. ಈಚೆಗೆ ಭೂ ಸುರಕ್ಷಾ ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳ ಹಳೆಯ ವಹಿಗಳನ್ನು ಸ್ಕ್ಯಾನ್ ಮಾಡುತ್ತಿರುವುದರಿಂದ ಪುಟ ಪುಡಿಯಾಗುವ ಭಯ ಮೊದಲಿಗಿಂತ ಕಡಿಮೆಯಾಗಿದೆ.

ವಹಿಗಳಲ್ಲಿ ಎರಡು ಸಣ್ಣ ಪದಗಳು ಕಣ್ಣಿಗೆ ಬೀಳುತ್ತವೆ. ಎರಡು ಹೆಸರುಗಳ ನಡುವೆ 'ಬಿನ್' ಎಂದಿದ್ದರೆ ಮೊದಲನೆಯವನು ಎರಡನೆಯವನ ಮಗ, 'ಕೋಂ' ಎಂದಿದ್ದರೆ ಮೊದಲನೆಯವಳು ಎರಡನೆಯವನ ಹೆಂಡತಿ. ಮಸುಕಾದ ಬರಹದಲ್ಲಿ ಇವೆರಡನ್ನು ಅದಲುಬದಲು ಓದಿ ಅಜ್ಜಿಯನ್ನು ಅಜ್ಜ ಮಾಡಿಕೊಂಡವರನ್ನು ನಾನು ನೋಡಿದ್ದೇನೆ.

ಇನ್ನೊಂದು ಮುಖ್ಯವಾದ ಮಾತು. ನಿಮ್ಮ ಹಳ್ಳಿ ಜಗಳೂರು ತಾಲ್ಲೂಕು, ನಿಮ್ಮವರು ಬಂದರೆನ್ನುವ ಉಚ್ಚಂಗಿದುರ್ಗ ಹರಪನಹಳ್ಳಿ ತಾಲ್ಲೂಕು. ಒಂದು ದಿನದ ಗಾಡಿ ದಾರಿ ಅಷ್ಟೇ, ಆದರೆ ಆಗಿನ ಕಾಲಕ್ಕೆ ಅವು ಎರಡು ಬೇರೆ ಸರ್ಕಾರಗಳು. ಜಗಳೂರು ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಹರಪನಹಳ್ಳಿಯು ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು, 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಬಂತು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದಾಗ ಅದನ್ನು ಇಲ್ಲಿಗೆ ಸೇರಿಸಿದರು, 2018ರಲ್ಲಿ ಮತ್ತೆ ಬಳ್ಳಾರಿಗೆ ಹೋಯಿತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಜಿಲ್ಲೆ ಎಷ್ಟು ಸಲ ಬದಲಾದರೂ ಗ್ರಾಮದ ಕಂದಾಯ ವಹಿಗಳು ತಾಲ್ಲೂಕು ಕಚೇರಿಯಲ್ಲೇ ಇರುತ್ತವೆ, ಆದ್ದರಿಂದ ಮೊದಲು ತಾಲ್ಲೂಕಿಗೆ ಹೋಗಿ. ಅದಕ್ಕಿಂತ ಮೇಲಿನ ಹಂತದ ಹಳೆಯ ಕಡತ ಬೇಕಾದಾಗ ಮಾತ್ರ ದಾರಿ ಬೇರೆಯಾಗುತ್ತದೆ: ಮೈಸೂರು ಸಂಸ್ಥಾನದ್ದು ಬೆಂಗಳೂರಿನ ರಾಜ್ಯ ಪತ್ರಾಗಾರದ ಕಡೆಗೆ, ಮದರಾಸಿನದು ಚೆನ್ನೈನ ಎಗ್ಮೋರಿನಲ್ಲಿರುವ ಪತ್ರಾಗಾರದ ಕಡೆಗೆ.

ಉತ್ತರ: ನಿವೃತ್ತ ಇತಿಹಾಸ ಉಪನ್ಯಾಸಕ, ಚಿತ್ರದುರ್ಗ

ಮೇಲಿನ ಹಿರಿಯರು ಹೇಳಿದ್ದಕ್ಕೆ ನನ್ನ ಪೂರ್ಣ ಸಮ್ಮತಿಯಿದೆ. ತರಗತಿಯ ವಿಷಯಕ್ಕೆ ಬರುತ್ತೇನೆ.

ಶಾಸನ ಓದುವುದನ್ನು ಕಲಿಸುವ ಡಿಪ್ಲೊಮಾ ತರಗತಿ ಕನ್ನಡ ಸಾಹಿತ್ಯ ಪರಿಷತ್ತಿನಲ್ಲಿದೆ. ಅದು ಒಳ್ಳೆಯ ವಿದ್ಯೆ, ಆದರೆ ಮನೆತನದ ಹುಡುಕಾಟಕ್ಕೆ ನೇರವಾಗಿ ಒದಗುವುದಿಲ್ಲ. ನಮ್ಮೂರಿನ ವೀರಗಲ್ಲಿನ ಮೇಲೆ ಒಬ್ಬ ಗೌಡನ ಹೆಸರಿದೆ ಎಂದ ಮಾತ್ರಕ್ಕೆ ಆ ಊರಿನ ಇಂದಿನ ಗೌಡರ ಮನೆಯನ್ನು ಅವನಿಗೆ ಜೋಡಿಸಲಾಗದು, ನಡುವಿನ ಐದಾರು ನೂರು ವರ್ಷಕ್ಕೆ ಸಾಕ್ಷಿ ಬೇಕು. 1779ರಲ್ಲಿ ಹೈದರಾಲಿಯು ಚಿತ್ರದುರ್ಗವನ್ನು ಹಿಡಿದಾಗ ಚದುರಿ ಬಂದವರು ನಾವು ಎಂದು ಹೇಳುವ ಮನೆಗಳು ಈ ಸೀಮೆಯಲ್ಲಿ ನೂರಾರು ಇವೆ. ಅವುಗಳಲ್ಲಿ ಹಲವು ನಿಜವೂ ಇರಬಹುದು. ಆದರೆ ಕಲಿಯುವವರು ಅಲ್ಲಿಂದ ಆರಂಭಿಸಿದರೆ ಕಥೆಯನ್ನು ಕಲಿಯುತ್ತಾರೆ, ಹುಡುಕುವುದನ್ನು ಕಲಿಯುವುದಿಲ್ಲ.

ನಾವು ಹತ್ತು ಹನ್ನೆರಡು ಜನ ಕೆಲವು ವರ್ಷಗಳಿಂದ ತಿಂಗಳಿಗೊಂದು ಭಾನುವಾರ ಗ್ರಂಥಾಲಯವೊಂದರ ಓದುವ ಕೋಣೆಯಲ್ಲಿ ಸೇರುತ್ತೇವೆ. ಹೆಸರಿಲ್ಲ, ಶುಲ್ಕವಿಲ್ಲ, ಪ್ರಮಾಣಪತ್ರವಿಲ್ಲ. ಪ್ರತಿಯೊಬ್ಬರೂ ಒಂದು ಕಾಗದವನ್ನು ತರಬೇಕು, ಒಂದೇ ಒಂದು. ಆ ದಿನ ಎರಡೋ ಮೂರೋ ಕಾಗದಗಳನ್ನು ಎಲ್ಲರೂ ಸೇರಿ ಓದುತ್ತೇವೆ. ಮೋಡಿ ಅಕ್ಷರ ಬರುವ, ಶಾನುಭೋಗರ ಮನೆತನದ ಹಿರಿಯರೊಬ್ಬರು ಬರುತ್ತಾರೆ. ಅವರು ಓದಿ ಹೇಳಿಬಿಡುವುದಿಲ್ಲ, ಮೊದಲು ನಮ್ಮಿಂದ ಓದಿಸಿ ತಪ್ಪಿದ ಕಡೆ ತಿದ್ದುತ್ತಾರೆ. ಮೂರು ತಿಂಗಳು ಹೀಗೆ ಕುಳಿತರೆ ಒಂದೇ ಬರಹಗಾರನ ಕೈಯಲ್ಲಿ 'ರ'ಕಾರ ಹೇಗೆ ಬಾಗುತ್ತದೆ, 'ಪ್ಪ' ಹೇಗೆ ಒಂದು ಕೊಂಡಿಯಾಗಿ ಮುಗಿಯುತ್ತದೆ ಎಂಬುದು ಕಣ್ಣಿಗೆ ಹತ್ತುತ್ತದೆ. ಒಬ್ಬರೇ ಮನೆಯಲ್ಲಿ ಕುಳಿತು ಓದಿದರೆ ನಮಗೆ ಬೇಕಾದ ಹೆಸರೇ ಎಲ್ಲೆಲ್ಲೂ ಕಾಣುತ್ತದೆ. ಹತ್ತು ಜನ ಬೇಕಾಗುವುದು ಅದಕ್ಕಾಗಿಯೇ.

ನಮ್ಮಲ್ಲಿ ಇನ್ನೊಂದು ಕಟ್ಟುನಿಟ್ಟಿನ ಪದ್ಧತಿ ಇದೆ. ವಂಶವೃಕ್ಷ ಬರೆಯುವಾಗ ಬಾಯಿಮಾತಿನಿಂದ ತಿಳಿದ ಹೆಸರನ್ನು ಪೆನ್ಸಿಲ್‌ನಲ್ಲಿ ಬರೆಯಬೇಕು, ಪಕ್ಕದಲ್ಲಿ ಯಾರು ಹೇಳಿದರು, ಯಾವ ದಿನ ಹೇಳಿದರು ಎಂದು ಬರೆಯಬೇಕು. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಸಾಕ್ಷಿಗಳು ಕೂಡಿದ ಮೇಲೆಯೇ ಶಾಯಿ. ನನ್ನ ಸ್ವಂತ ಮನೆತನದಲ್ಲಿ ಎಂಟು ತಲೆಮಾರಿನ ಹೆಸರುಗಳಿದ್ದು, ಶಾಯಿಯಲ್ಲಿರುವುದು ನಾಲ್ಕು.

ಪೆನ್ಸಿಲ್ಲಿನ ಆ ನಾಲ್ಕು ತಲೆಮಾರುಗಳು ಬಂದದ್ದು ಹೆಳವರ ಪುಸ್ತಕದಿಂದ. ಈ ನಾಡಿನಲ್ಲಿ ವಂಶಾವಳಿಯನ್ನೇ ಕಸುಬು ಮಾಡಿಕೊಂಡ ಜನ ಅವರು, ಅವರನ್ನು ಬಿಟ್ಟು ಈ ವಿದ್ಯೆಯ ಮಾತೇ ಇಲ್ಲ. ನಾನು ಹುಡುಗನಾಗಿದ್ದಾಗ ಸುಗ್ಗಿ ಮುಗಿದ ಮೇಲೆ ನಮ್ಮ ಅಜ್ಜಿಯ ಊರಿಗೆ ಎತ್ತಿನ ಮೇಲೆ ಕುಳಿತು, ಗಂಟೆಯ ಸದ್ದಿನೊಡನೆ ಬರುತ್ತಿದ್ದ ಹೆಳವರು ಕಟ್ಟೆಯ ಮೇಲೆ ಕಂಬಳಿ ಹಾಸಿ ಬಟ್ಟೆಯ ಗಂಟು ಬಿಚ್ಚುತ್ತಿದ್ದರು. ಹಾಡಿನ ಧಾಟಿಯಲ್ಲಿ ಮನೆತನದ ಮೂಲಪುರುಷನಿಂದ ಹಿಡಿದು ಹೇಳುತ್ತಾ ಬಂದು ಅಜ್ಜಿಯ ಮಾವನ ಹೆಸರು ಬಂದಾಗ ಅಜ್ಜಿ ತಲೆಯ ಮೇಲೆ ಸೆರಗು ಎಳೆದುಕೊಂಡದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹೇಳಿ ಮುಗಿಸಿದ ಮೇಲೆ ಅವರು ಕೇಳುತ್ತಿದ್ದರು: ಹೋದ ಸಲ ಬಂದು ಹೋದ ಮೇಲೆ ಈ ಮನೆಯಲ್ಲಿ ಹುಟ್ಟಿದವರು ಯಾರು, ಸೊಸೆಯಾಗಿ ಬಂದವರು ಯಾರು? ಹೇಳಿದ್ದನ್ನು ಅಲ್ಲೇ ಬರೆದುಕೊಂಡು, ಜೋಳವನ್ನೋ ಬಟ್ಟೆಯನ್ನೋ ಕಾಣಿಕೆಯಾಗಿ ಪಡೆದು ಮುಂದಿನ ಒಕ್ಕಲಿಗೆ ಹೋಗುತ್ತಿದ್ದರು.

ಆ ಪ್ರಶ್ನೆಯಲ್ಲಿಯೇ ಅವರ ಪುಸ್ತಕವನ್ನು ಅಳೆಯುವ ಕೋಲು ಇದೆ. ಮನೆಯ ಮುಂದೆ ಕುಳಿತು, ಮನೆಯವರು ಹೇಳುವಾಗಲೇ ಬರೆದುಕೊಂಡ ಹೆಸರುಗಳು ಬಹಳ ನಂಬಿಕೆಗೆ ಅರ್ಹವಾದವು. ಹಳೆಯ ಪುಸ್ತಕ ಸವೆದಾಗ ಹೊಸದಕ್ಕೆ ನಕಲು ಮಾಡಿದವುಗಳಲ್ಲಿ ಒಂದು ಸಾಲು ಬಿಟ್ಟುಹೋಗಿರಬಹುದು, ಅಣ್ಣತಮ್ಮಂದಿರು ತಂದೆ ಮಕ್ಕಳಾಗಿರಬಹುದು. ಆದ್ದರಿಂದ ಹೆಳವರು ಸಿಕ್ಕಿದಾಗ ಹಳೆಯ ಪುಸ್ತಕ ಉಳಿದಿದೆಯೇ ಎಂದು ಗೌರವದಿಂದ ಕೇಳಿ. ತಲೆಮಾರಿಗೆ ಇಪ್ಪತ್ತೈದು ಮೂವತ್ತು ವರ್ಷದ ಲೆಕ್ಕ ಹಾಕಿ ನೋಡಿ. ಫೋಟೊ ತೆಗೆಯುವ ಮೊದಲು ಅನುಮತಿ ಕೇಳಿ, ಕಾಣಿಕೆಯನ್ನು ಕೈತುಂಬ ಕೊಡಿ. ಅದು ಅವರ ಅನ್ನ.

ಇನ್ನು ನಿಮ್ಮ ಪಾಲುಪಟ್ಟಿ. ಧಾತು ಸಂವತ್ಸರವನ್ನು ಕಂಡ ಕೂಡಲೇ 1876 ಎಂದು ತೀರ್ಮಾನಿಸುವುದು ಅವಸರವಾದೀತು. ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳಿ ಬರುತ್ತವೆ: ಧಾತು 1876–77ರಲ್ಲಿ ಬಂದಿತ್ತು, 1936–37ರಲ್ಲಿಯೂ ಬಂದಿತ್ತು. 1876ರಲ್ಲಿ ಮಳೆ ಹೋಗಿ, ಮರುವರ್ಷ ಈಶ್ವರ ಸಂವತ್ಸರದಲ್ಲಿ ಜನ ಸತ್ತ ಆ ಬರ ಸಾಮಾನ್ಯವಾದದ್ದಲ್ಲ. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷದ ಒಳಗೆ ಇತ್ತು. ಅದರಿಂದಾಗಿಯೇ ನಮ್ಮ ಎಷ್ಟೋ ಮನೆಗಳ ನೆನಪು ಆ ಬರದಿಂದ ಆರಂಭವಾಗುತ್ತದೆ, ಅದಕ್ಕಿಂತ ಹಿಂದಿನದನ್ನು ಹೇಳಬೇಕಾದವರೇ ಉಳಿಯಲಿಲ್ಲ. ಆದರೆ ಬಳ್ಳಾರಿ ಸೀಮೆಯಲ್ಲಿ ಬರ ಬಿದ್ದಾಗ ಅಲ್ಲಿಂದ ಹೊರಟವರು ಅಷ್ಟೇ ಒಣನೆಲವಾದ ಜಗಳೂರಿಗೆ ಬಂದರೆಂಬುದು ನನಗೆ ಸುಲಭವಾಗಿ ಒಪ್ಪಿಗೆಯಾಗುವುದಿಲ್ಲ, ನೀರಿದ್ದ ಮಲೆನಾಡಿನ ಅಂಚಿಗೆ ಹೋಗುವುದು ಸಹಜ. ಉಚ್ಚಂಗಿದುರ್ಗದ ದೇವಿ ಉಚ್ಚಂಗಮ್ಮ ನಿಮ್ಮ ಮನೆದೇವರು ಎಂಬ ಕಾರಣದಿಂದ ಆ ಕಥೆ ಹುಟ್ಟಿದ್ದರೆ ಅದೂ ಸಾಲದು. ಭರತ ಹುಣ್ಣಿಮೆಗೆ ಆ ಬೆಟ್ಟಕ್ಕೆ ಎಷ್ಟು ಊರುಗಳ ಜನ ಹೋಗುತ್ತಾರೆ ಎಂಬುದನ್ನು ನೀವೇ ಕಂಡಿರುತ್ತೀರಿ.

ಪಾಲುಪಟ್ಟಿಯ ಕೊನೆಯ ಪುಟದಲ್ಲಿ ಸಹಿಗಳ ಬದಲು ಶಾಯಿಯ ಹೆಬ್ಬೆಟ್ಟುಗಳಿವೆಯೇ, ಯಾರಾದರೂ ಮೈನರ್ ಎಂದು ಬರೆದಿದೆಯೇ ನೋಡಿ. ಬೆರಳಚ್ಚಿನ ಕಚೇರಿ ಈ ದೇಶದಲ್ಲಿ ಮೊದಲು ಆದದ್ದು 1897ರಲ್ಲಿ ಕಲ್ಕತ್ತೆಯಲ್ಲಿ. ಹಳ್ಳಿಯ ಪಾಲುಪಟ್ಟಿಯಲ್ಲಿ ಹೆಬ್ಬೆಟ್ಟು ಸಾಲಾಗಿದ್ದರೆ ಅದು 1936ರದ್ದಾಗಿರುವ ಸಂಭವವೇ ಹೆಚ್ಚು. ಅಜ್ಜ ಓದಿದ ಸರ್ಕಾರಿ ಶಾಲೆಯ ದಾಖಲಾತಿ ವಹಿಯನ್ನೂ ಕೇಳಿ. ಹುಟ್ಟಿದ ದಿನಾಂಕವನ್ನು ಮೇಷ್ಟರು ಅಂದಾಜಿನಲ್ಲಿ ಬರೆದಿರುತ್ತಾರೆ, ಆದರೆ ತಂದೆಯ ಹೆಸರು ಮತ್ತು ಸೇರಿದ ವರ್ಷ ಸರಿಯಾಗಿರುತ್ತದೆ.

ಉತ್ತರ: ರಾಣೆಬೆನ್ನೂರಿನಿಂದ ಬಂದು ದಾವಣಗೆರೆಯಲ್ಲಿ ನೆಲೆಸಿದವರು

ಒಂದು ಸಣ್ಣ ಸೇರ್ಪಡೆ. ತುಂಗಭದ್ರೆಯ ಆಚೆ ದಡದ ನಮ್ಮ ಊರುಗಳು 1956ರವರೆಗೆ ಮುಂಬಯಿಗೆ ಸೇರಿದ್ದವು. ಅಲ್ಲಿನ ಹಳೆಯ ಕಾಗದಗಳು ಎಷ್ಟೋ ಮರಾಠಿಯಲ್ಲಿ, ಮೋಡಿ ಲಿಪಿಯಲ್ಲಿ ಇವೆ. ಅದು ಕನ್ನಡದ ಕೂಡುಬರಹವಾದ ಮೋಡಿಯಲ್ಲ, ಬೇರೆ ಲಿಪಿಯೇ. ಹೆಸರು ಒಂದೇ ಆಗಿರುವುದರಿಂದ ನಾನು ತಪ್ಪು ಪಂಡಿತರ ಬಳಿಗೆ ಹೋಗಿ ಎರಡು ತಿಂಗಳು ಕಳೆದುಕೊಂಡೆ. ಹೊಳೆಯ ಆಚೆಗೆ ಸಂಬಂಧ ಬೆಳೆಸಿದ ಹರಿಹರ, ಹೊನ್ನಾಳಿಯ ಮನೆಗಳವರು ಇದನ್ನು ಗಮನಿಸಬೇಕು.

ಉತ್ತರ: ಗೃಹಿಣಿ, ಹೊಳಲ್ಕೆರೆ

ಶಿಕ್ಷಕಿಯವರೇ, ಮೇಲಿನ ಇಬ್ಬರು ಹಿರಿಯರೂ ಬಹಳ ಉಪಯುಕ್ತವಾದ ದಾರಿ ತೋರಿಸಿದ್ದಾರೆ. ಆದರೆ ಅವರು ಹೇಳಿದ ವಹಿಗಳನ್ನೆಲ್ಲ ನೀವು ತಿರುವಿ ಹಾಕಿದ ಮೇಲೆ ನಿಮ್ಮ ಕೈಗೆ ಬರುವುದು ಗಂಡಸರ ಸಾಲು. ನಾನು ಈ ಕೆಲಸಕ್ಕೆ ಕೈ ಹಾಕಿದ್ದೇ ಆ ಸಿಟ್ಟಿನಿಂದ. ನಮ್ಮ ತಂದೆಯ ಕಡೆಯ ಆರು ತಲೆಮಾರಿನ ಹೆಸರು ನಮ್ಮಣ್ಣನ ಬಾಯಲ್ಲಿ ನೀರು ಕುಡಿದಷ್ಟು ಸುಲಭವಾಗಿ ಬರುತ್ತಿತ್ತು. ನಮ್ಮ ಅಜ್ಜಿಯ ತಾಯಿಯ ಹೆಸರು ಕೇಳಿದರೆ ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಹೆಣ್ಣುಮಕ್ಕಳಿಗೆ ಜಮೀನಿನಲ್ಲಿ ಪಾಲಿಲ್ಲದ ಕಾಲದ ವಹಿಯಲ್ಲಿ ಅವರ ಹೆಸರೇಕೆ ಬರುತ್ತದೆ? ಕರ್ನಾಟಕದಲ್ಲಿ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟ ತಿದ್ದುಪಡಿ ಜಾರಿಗೆ ಬಂದದ್ದು 1994ರಲ್ಲಿ, ದೇಶಕ್ಕೆಲ್ಲ ಬಂದದ್ದು 2005ರಲ್ಲಿ. ಅದರ ನಂತರದ ಹಕ್ಕು ಬಿಡುಗಡೆ ಪತ್ರಗಳಲ್ಲಿ ಅಕ್ಕತಂಗಿಯರ ಹೆಸರು, ಅವರ ಗಂಡನ ಊರು ಸಾಲಾಗಿ ಸಿಗುತ್ತವೆ. ಬಿಟ್ಟುಕೊಡುವಾಗಲಾದರೂ ಹೆಸರು ಬಂತಲ್ಲ ಎಂದು ಅವುಗಳನ್ನು ಓದುವಾಗ ನನ್ನ ಕಣ್ಣು ತುಂಬಿದೆ. ಪಾಲಿನ ದಾವೆ ನಡೆದ ಮನೆಯಾದರೆ ದಾವೆಯ ಪ್ರತಿಯಲ್ಲಿ ಲಗತ್ತಿಸಿದ ವಂಶವೃಕ್ಷದಲ್ಲಿಯೂ ಹೆಣ್ಣುಮಕ್ಕಳು ಇರುತ್ತಾರೆ. ಅದಕ್ಕೂ ಹಿಂದಿನ ಹೆಣ್ಣುಮಕ್ಕಳನ್ನು ಹುಡುಕಬೇಕಾದರೆ ಕಚೇರಿಯನ್ನು ಬಿಟ್ಟು ಅಡುಗೆಮನೆಗೆ ಬರಬೇಕು.

ನಿಮ್ಮ ಟ್ರಂಕಿನಲ್ಲಿ ಮುಯ್ಯಿ ಪುಸ್ತಕ ಇದೆ ಎಂದು ಬರೆದಿದ್ದೀರಿ. ಅದರ ಬಗ್ಗೆ ಇಲ್ಲಿ ಯಾರೂ ಒಂದು ಮಾತೂ ಆಡದೆ ಇರುವುದು ನನಗೆ ಆಶ್ಚರ್ಯವಾಯಿತು. ಮುಯ್ಯಿ ಮಾಡುವವರ ಹೆಸರಿನ ಜೊತೆಗೆ ಊರನ್ನು ಬರೆಯುತ್ತಾರೆ, ಹತ್ತಿರದವರಾದರೆ ಸಂಬಂಧವನ್ನೂ ಬರೆಯುತ್ತಾರೆ. ಮೊದಲ ಪುಟವನ್ನು ನಿಧಾನವಾಗಿ ಓದಿ, ಮೊದಲು ಮುಯ್ಯಿ ಮಾಡುವವರು ಸೋದರಮಾವಂದಿರು. ಮದುಮಗನ ಸೋದರಮಾವನ ಊರು ಯಾವುದೋ ಅದೇ ಮದುಮಗನ ತಾಯಿಯ ತವರು. ಒಂದು ಸಾಲಿನಲ್ಲಿ ಒಬ್ಬ ಹೆಣ್ಣುಮಗಳ ಹುಟ್ಟಿದ ಮನೆ ಸಿಕ್ಕಿಬಿಡುತ್ತದೆ. ಹಾಗೆಯೇ ಮನೆಯಲ್ಲಿರುವ ಹಳೆಯ ಕೊಡ, ತಂಬಿಗೆ, ಹಂಡೆಗಳನ್ನು ಹುಣಸೆಹಣ್ಣಿನಿಂದ ತಿಕ್ಕಿ ಬಾಯಿಯ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಚುಕ್ಕೆ ಚುಕ್ಕೆಯಾಗಿ ಕೆತ್ತಿದ ಹೆಸರುಗಳಿರುತ್ತವೆ. ತವರಿನಿಂದ ಬಂದ ಪಾತ್ರೆಯ ಮೇಲೆ ತವರಿನವರ ಹೆಸರು ಇರುವುದು ನಮ್ಮ ಕಡೆಯ ರೂಢಿ.

ವಯಸ್ಸಾದ ಹೆಂಗಸರನ್ನು ಮಾತನಾಡಿಸುವಾಗ 'ನಿಮ್ಮ ಅತ್ತೆಯ ಹೆಸರೇನು' ಎಂದು ನೇರವಾಗಿ ಕೇಳಿದರೆ ಕೆಲವರು ಹೇಳುವುದಿಲ್ಲ. ಹಿರಿಯರ ಹೆಸರು ಬಾಯಿಂದ ಬರಬಾರದು ಎಂದು ಬೆಳೆದವರು ಅವರು. 'ಬಾಣಂತನಕ್ಕೆ ಯಾವ ಊರಿಗೆ ಹೋಗಿದ್ದಿರಿ, ಅಲ್ಲಿ ಯಾರು ನೀರು ಹಾಕಿದರು' ಎಂದು ಕೇಳಿ. ಹೆಸರುಗಳು ತಾವಾಗಿಯೇ ಬರುತ್ತವೆ. ನಮ್ಮ ದೊಡ್ಡಮ್ಮನವರ ಜೊತೆ ಒಂದು ಮಧ್ಯಾಹ್ನ ಕಡಲೆಕಾಯಿ ಸುಲಿಯುತ್ತಾ ಕುಳಿತು ಹನ್ನೊಂದು ಹೆಣ್ಣುಮಕ್ಕಳ ಹೆಸರು ಮತ್ತು ತವರನ್ನು ಬರೆದುಕೊಂಡೆ. ಎರಡನೇ ಮದುವೆ, ದತ್ತು, ಮನೆ ಬಿಟ್ಟು ಹೋದವರ ವಿಷಯ ಬಂದಾಗ ಮಾತ್ರ ಅವರು ಹೇಳಿದಷ್ಟನ್ನೇ ಕೇಳಿ. ಬದುಕಿರುವವರ ವಿವರವನ್ನು ಎಲ್ಲಿಯೂ ಬಹಿರಂಗವಾಗಿ ಹಾಕಬೇಡಿ.

ಶಿಕ್ಷಕಿಯ ಮರುಬರಹ: ಐದು ವಾರಗಳ ನಂತರ

ಎಲ್ಲರಿಗೂ ನನ್ನ ಮನಃಪೂರ್ವಕ ಕೃತಜ್ಞತೆಗಳು. ಇಷ್ಟು ದಿನ ಉತ್ತರಿಸದೆ ಇದ್ದದ್ದಕ್ಕೆ ಕ್ಷಮೆಯಿರಲಿ, ಕೈಯಲ್ಲಿ ಏನಾದರೂ ಸಿಕ್ಕ ಮೇಲೆಯೇ ಬರೆಯಬೇಕೆಂದು ಸುಮ್ಮನಿದ್ದೆ.

ಶಾಲೆಯ ವಹಿಯಲ್ಲಿ ನಮ್ಮ ಅಜ್ಜ ಸಿಕ್ಕಿದರು. 1935ರಲ್ಲಿ ಒಂದನೇ ತರಗತಿಗೆ ಸೇರಿದ್ದಾರೆ, ವಯಸ್ಸು ಏಳು ಎಂದಿದೆ. ತಂದೆಯ ಹೆಸರಿನ ಮುಂದೆ 'ಮೃತ' ಎಂದು ಬರೆದಿದೆ. ನಮ್ಮ ಮುತ್ತಜ್ಜ ಅಷ್ಟು ಬೇಗ ತೀರಿಕೊಂಡಿದ್ದರೆಂದು ನಮ್ಮ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಪಾಲುಪಟ್ಟಿಯ ಕೊನೆಯ ಪುಟವನ್ನು ನಮ್ಮ ಬೀದಿಯ ಹಿರಿಯರೊಬ್ಬರು ಓದಿಕೊಟ್ಟರು. ಅಲ್ಲಿ ಮೂವರು ಪಾಲುದಾರರ ಪೈಕಿ ಮೂರನೆಯವರು ಮೈನರ್ ಎಂದೂ, ಅವರ ಪರವಾಗಿ ತಾಯಿ ಗಾರ್ಡಿಯನ್ ಎಂದೂ ಇದೆ. ಆ ಮೈನರ್ ನಮ್ಮ ಅಜ್ಜ. ಆದ್ದರಿಂದ ಇದು 1936ರ ಧಾತುವೇ, ಮಾರ್ಗಶಿರವೆಂದರೆ ಆ ವರ್ಷದ ಡಿಸೆಂಬರ್ ಆಸುಪಾಸು. ಚಿಕ್ಕಪ್ಪನವರಿಗೆ ಮೊದಲು ಬೇಸರವಾಯಿತು. ಮ್ಯುಟೇಷನ್ ಪುಟದ ನಕಲನ್ನು ತೋರಿಸಿದಾಗ ಅದರಲ್ಲಿಯೂ ಅದೇ ಮೂರು ಹೆಸರು, ಅದೇ ಸರ್ವೆ ನಂಬರು ಇದ್ದುದನ್ನು ಕಂಡು ಒಪ್ಪಿಕೊಂಡರು.

ಮೈನರ್ ಹೆಸರಿನ ಕೆಳಗೆ ನಮ್ಮ ಮುತ್ತಜ್ಜಿಯ ಹೆಸರು 'ಕೋಂ' ಎಂಬ ಪದದೊಡನೆ ಇದೆ, ಅದರ ಪಕ್ಕದಲ್ಲಿ ಅವರ ಎಡಗೈ ಹೆಬ್ಬೆಟ್ಟು. ಶಾಯಿ ಸ್ವಲ್ಪ ಹೆಚ್ಚಾಗಿ ಬೆರಳಿನ ಒಂದು ಬದಿ ಕಪ್ಪಾಗಿ ಹರಡಿದೆ, ಇನ್ನೊಂದು ಬದಿಯಲ್ಲಿ ಗೆರೆಗಳು ಎಣಿಸುವಷ್ಟು ಸ್ಪಷ್ಟವಾಗಿವೆ. ಅವರ ಒಂದು ಫೋಟೊವೂ ನಮ್ಮಲ್ಲಿ ಇಲ್ಲ. ಆ ಗುರುತಿನ ಮೇಲೆ ಬೆರಳಿಡಲು ನನಗೆ ಬಹಳ ಹೊತ್ತು ಧೈರ್ಯ ಬರಲಿಲ್ಲ.

ಹೊಳಲ್ಕೆರೆಯ ಅಕ್ಕನವರು ಹೇಳಿದಂತೆ ಮುಯ್ಯಿ ಪುಸ್ತಕವನ್ನು ಓದಿದೆ. ಅದು ನಮ್ಮ ಅಜ್ಜನ ಮದುವೆಯದು. ಮೊದಲ ಪುಟದ ಎರಡನೇ ಸಾಲಿನಲ್ಲಿ 'ಸೋದರಮಾವ, ಉಚ್ಚಂಗಿದುರ್ಗ, ತಾಮ್ರದ ಕೊಡ 1, ರೂಪಾಯಿ 5' ಎಂದಿದೆ. ಆ ಕೊಡ ಈಗಲೂ ನಮ್ಮ ಹಳ್ಳಿಯ ಬಚ್ಚಲುಮನೆಯಲ್ಲಿದೆ, ಅಂಚಿನಲ್ಲಿ ಅವರ ಹೆಸರೂ ಇದೆ. ಹಾಗಾದರೆ ಉಚ್ಚಂಗಿದುರ್ಗದಿಂದ ಬಂದದ್ದು ನಮ್ಮ ಮನೆತನವಲ್ಲ, ನಮ್ಮ ಮುತ್ತಜ್ಜಿ. ಗಂಡ ಸತ್ತ ಮೇಲೆ ಚಿಕ್ಕ ಮಗನ ಪಾಲನ್ನು ಬಿಟ್ಟುಕೊಡದೆ ಉಳಿಸಿದವರು ಅವರೇ ಎಂದು ಪಾಲುಪಟ್ಟಿ ಹೇಳುತ್ತದೆ. ಅವರು ಮಗನಿಗೆ ತನ್ನ ತವರಿನ ಕಥೆ ಹೇಳಿರಬೇಕು, ಮೊಮ್ಮಕ್ಕಳ ಕಾಲಕ್ಕೆ ಅದು ಇಡೀ ಮನೆತನದ ಕಥೆಯಾಗಿದೆ. ಇದು ನನ್ನ ಊಹೆಯಾದ್ದರಿಂದ ಪೆನ್ಸಿಲ್‌ನಲ್ಲಿ ಬರೆದುಕೊಂಡಿದ್ದೇನೆ.

ಮುಂದಿನ ರಜೆಯಲ್ಲಿ ಹರಪನಹಳ್ಳಿ ತಾಲ್ಲೂಕು ಕಚೇರಿಗೆ ಹೋಗಬೇಕೆಂದಿದ್ದೇನೆ. ಅದಕ್ಕೂ ಮೊದಲು ಉಪನ್ಯಾಸಕರ ಭಾನುವಾರದ ಬಳಗಕ್ಕೆ ಬರಲು ಆಸೆ. ಪಾಲುಪಟ್ಟಿಯ ಒಳಗಿನ ಎರಡು ಪುಟಗಳನ್ನು ಇನ್ನೂ ಓದಿಸಿಲ್ಲ. ಮೂಲವನ್ನೇ ತರಬೇಕೇ, ಫೋಟೊ ಸಾಕೇ? ಹರಿದುಹೋಗುತ್ತಿರುವುದರಿಂದ ಲ್ಯಾಮಿನೇಷನ್ ಮಾಡಿಸಲೇ ಎಂದು ತಮ್ಮ ಕೇಳುತ್ತಿದ್ದಾನೆ.

ಉತ್ತರ: ನಿವೃತ್ತ ಇತಿಹಾಸ ಉಪನ್ಯಾಸಕ, ಚಿತ್ರದುರ್ಗ

ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ, ಗಮ್‌ಟೇಪ್ ಸಹ ಹಚ್ಚಬೇಡಿ. ಬಿಸಿಗೆ ಶಾಯಿ ಕೆಡುತ್ತದೆ, ಒಮ್ಮೆ ಅಂಟಿದ ಪ್ಲಾಸ್ಟಿಕ್ಕನ್ನು ಮತ್ತೆ ಬಿಡಿಸಲಾಗದು. ಮಡಿಕೆಯನ್ನು ಮೆಲ್ಲಗೆ ಬಿಚ್ಚಿ, ಎರಡು ಬಿಳಿ ಹಾಳೆಗಳ ನಡುವೆ ಚಪ್ಪಟೆಯಾಗಿ ಇಟ್ಟು, ರಟ್ಟಿನ ಫೈಲಿನಲ್ಲಿ ತನ್ನಿ. ಕಿಟಕಿಯ ಪಕ್ಕದ ಹಗಲು ಬೆಳಕಿನಲ್ಲಿ ನೇರವಾಗಿ ಮೇಲಿನಿಂದ ಪ್ರತಿ ಪುಟದ ಫೋಟೊ ತೆಗೆದು ಮೊದಲೇ ಎರಡು ಕಡೆ ಉಳಿಸಿಕೊಳ್ಳಿ. ಓದಲು ಮೂಲವೇ ಬೇಕು, ಶಾಯಿಯ ದಪ್ಪ ಫೋಟೊದಲ್ಲಿ ತಿಳಿಯುವುದಿಲ್ಲ.

ಮುಯ್ಯಿ ಪುಸ್ತಕವನ್ನೂ ತನ್ನಿ. ಒಬ್ಬರಿಗೆ ಒಂದೇ ಕಾಗದ ಎಂಬ ನಮ್ಮ ನಿಯಮವನ್ನು ಈ ಸಲ ಸಡಿಲಿಸೋಣ. ಹೊಳಲ್ಕೆರೆಯ ತಾಯಿಯವರೂ ಬಿಡುವು ಮಾಡಿಕೊಂಡು ಬಂದರೆ ಅದನ್ನು ಓದುವ ಕ್ರಮವನ್ನು ನಮಗೆಲ್ಲ ಅವರೇ ಹೇಳಿಕೊಡಬೇಕು, ಇಷ್ಟು ವರ್ಷಗಳಲ್ಲಿ ನಮ್ಮಲ್ಲಿ ಒಬ್ಬರೂ ಅಂಥ ಪುಸ್ತಕವನ್ನು ಮೇಜಿನ ಮೇಲೆ ಇಟ್ಟಿರಲಿಲ್ಲ. ಬೆಳಿಗ್ಗೆ ಹತ್ತೂವರೆಗೆ ಆರಂಭಿಸುತ್ತೇವೆ.